ಮೊದಲ ಇಂಜೆಕ್ಷನ್ನಿಗೆ ಮುನ್ನ ಒಂದು ಮಿಲಿಲೀಟರ್ ರಕ್ತ: ಬಾಗಲಕೋಟೆ ಜಿಲ್ಲೆಯ ವೈದ್ಯರಿಗೆ ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಿಗೆ, ತಾಲ್ಲೂಕು ಆಸ್ಪತ್ರೆಗಳ ಮಕ್ಕಳ ತಜ್ಞರಿಗೆ, ಖಾಸಗಿ ನರ್ಸಿಂಗ್ ಹೋಮ್‌ಗಳ ವೈದ್ಯರಿಗೆ ಹಾಗೂ ಇವರೆಲ್ಲರ ಬೆನ್ನಿಗಿರುವ ಪ್ರಯೋಗಾಲಯ ತಂತ್ರಜ್ಞರಿಗೆ,

ಮಾನ್ಯರೇ,

ನವಜಾತ ಶಿಶು ಎಂದರೆ ಹುಟ್ಟಿ 28 ದಿನಗಳೊಳಗಿನ ಕೂಸು ಎಂಬುದು, ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿ ಇಡೀ ಮೈಯನ್ನು ಆವರಿಸುವ ಸೋಂಕಿಗೆ ನಂಜು ಅಥವಾ ಸೆಪ್ಸಿಸ್ ಎನ್ನುತ್ತಾರೆ ಎಂಬುದು ತಮಗೆ ಹೇಳಿಕೊಡಬೇಕಾದ ಸಂಗತಿಗಳಲ್ಲ. ಆದರೂ ಈ ಪತ್ರ ಬಹಿರಂಗವಾದದ್ದರಿಂದ, ತಮ್ಮ ಜೊತೆಗೆ ಶಿರೂರು, ಕಮತಗಿ, ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ಲುಗಳ ತಾಯಂದಿರೂ ಅಜ್ಜಿಯರೂ ಇದನ್ನು ಓದಬಹುದಾದ್ದರಿಂದ, ಪಾರಿಭಾಷಿಕ ಪದ ಬಂದಲ್ಲೆಲ್ಲ ಅದರ ವಿವರಣೆಯನ್ನೂ ಕೊಡಲಾಗಿದೆ. ವಿವರಣೆ ತಮಗೆ ಬೇಸರ ತಂದರೆ ಕ್ಷಮೆಯಿರಲಿ.

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಶಿಶುಗಳು ಮೊದಲ ತಿಂಗಳಲ್ಲೇ ತೀರಿಕೊಂಡವು. ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗಿನ ಉಸಿರುಗಟ್ಟುವಿಕೆ ಮತ್ತು ಸೋಂಕು ಇವು ಆ ಸಾವುಗಳ ದೊಡ್ಡ ಕಾರಣಗಳಾಗಿದ್ದು, ಅವುಗಳ ಬಹುಪಾಲು ಬಡ ದೇಶಗಳಲ್ಲಿ ಮತ್ತು ಅಷ್ಟೇನೂ ಬಡವಲ್ಲದ ದೇಶಗಳ ಬಡ ಹಳ್ಳಿಗಳಲ್ಲಿ ಬೀಳುತ್ತದೆ. ಕರ್ನಾಟಕದ ಮಟ್ಟಿಗೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಎರಡು ಅಂಕಿಗಳನ್ನು ಕೊಡುತ್ತದೆ: ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲೇ ಆಗುತ್ತವೆ, ಹಾಗಿದ್ದೂ ಜೀವಂತ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 16 ಮೊದಲ ತಿಂಗಳು ದಾಟುವುದಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತರುವ ಕೆಲಸ ಬಹುಮಟ್ಟಿಗೆ ಮುಗಿದಿದೆ ಎಂಬುದೂ, ಹುಟ್ಟಿದ ಕೂಸಿಗೆ ಏನಾಗಿದೆ ಎಂದು ಸಕಾಲದಲ್ಲಿ ತಿಳಿಯುವ ಕೆಲಸ ಹಿಂದೆ ಉಳಿದಿದೆ ಎಂಬುದೂ ಸ್ಪಷ್ಟವಾಗುತ್ತದೆ.

ದೊಡ್ಡವರಿಗೆ ನಂಜಾದರೆ ಜ್ವರ ಬರುತ್ತದೆ, ಚಳಿ ನಡುಗಿಸುತ್ತದೆ, ರೋಗಿಯೇ ಬಾಯಿಬಿಟ್ಟು ಹೇಳುತ್ತಾನೆ. ನವಜಾತ ಶಿಶುವಿಗೆ ಜ್ವರ ಬಾರದೆಯೂ ನಂಜಾಗಬಹುದು, ಎಷ್ಟೋ ಸಲ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಬಲಿಯದ ಶ್ವಾಸಕೋಶ, ಹುಟ್ಟುವಾಗ ಉಸಿರುಗಟ್ಟಿದ ಕೂಸಿನ ಜಡತ್ವ, ರಕ್ತದಲ್ಲಿ ಸಕ್ಕರೆ ಇಳಿದ ಕೂಸಿನ ನಡುಕ ಇವೆಲ್ಲ ಹೊರನೋಟಕ್ಕೆ ಸೋಂಕಿನಂತೆಯೇ ಕಾಣುತ್ತವೆ. ಹೀಗಾಗಿ ವೈದ್ಯರಿಗೆ ಎರಡೂ ಕಡೆ ಅಪಾಯವಿದೆ: ಸೋಂಕನ್ನು ಸೋಂಕಲ್ಲವೆಂದು ಬಗೆದರೆ ಕೂಸು ಗಂಟೆಗಳೊಳಗೆ ಕೈತಪ್ಪಬಹುದು, ಸೋಂಕಲ್ಲದ್ದನ್ನು ಸೋಂಕೆಂದು ಬಗೆದರೆ ಬೇಡದ ಪ್ರತಿಜೈವಿಕ ಔಷಧ, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್, ವಾರಗಟ್ಟಲೆ ಅದರ ಮೈಸೇರಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧಕ್ಕೆ ಬಗ್ಗದ ಕೆಟ್ಟವನ್ನು ಬೆಳೆಸುತ್ತದೆ.

ಈ ಜಿಲ್ಲೆಯ ಮನೆಗಳಲ್ಲಿ ರೋಗದ ಮೊದಲ ಸುದ್ದಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಬರುತ್ತದೆ: ‘ಕೂಸು ನಿನ್ನಿಂದ ಹಾಲು ಕುಡೀವಲ್ದು.’ ಅದರ ಬೆನ್ನಿಗೆ ‘ಕಣ್ಣ ಬಿಡವಲ್ದು’, ‘ಜಡ ಬಿದ್ದೈತಿ’, ‘ಅಳೂ ದನಿ ಸಣ್ಣಾಗೈತಿ’ ಎಂಬ ಮಾತುಗಳು ಸೇರಿಕೊಳ್ಳುತ್ತವೆ. ಹೊರರೋಗಿ ವಿಭಾಗದ ಗದ್ದಲದಲ್ಲಿ, ಮುಂದೆ ನಲವತ್ತು ಜನ ಕಾದಿರುವಾಗ, ಇಂಥ ಮಾತು ಚೊಚ್ಚಲ ಬಾಣಂತಿಯ ಗಾಬರಿಯಂತೆ ಕೇಳಿಸುವುದು ಸಹಜ. ಆದರೆ ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಎಳೆಯ ಶಿಶುಗಳ ರೋಗಲಕ್ಷಣಗಳ ಅಧ್ಯಯನವು, ಆಸ್ಪತ್ರೆಗೆ ಸೇರಿಸಲೇಬೇಕಾದ ಕೂಸನ್ನು ಗುರುತಿಸಲು ಏಳು ಲಕ್ಷಣಗಳನ್ನು ಸೋಸಿ ತೆಗೆದಾಗ, ಆ ಏಳೂ ವೈದ್ಯರೇ ಕಂಡ ಲಕ್ಷಣಗಳಾಗಿರಲಿಲ್ಲ. ಅವುಗಳಲ್ಲಿ ಒಂದು, ಹಾಲು ಕುಡಿಯಲು ಕಷ್ಟಪಡುತ್ತಿದೆ ಎಂಬ ತಾಯಿಯ ಹೇಳಿಕೆಯಾಗಿತ್ತು. ಉಳಿದ ಆರು ಎಂದರೆ ಸೆಳವು ಅಥವಾ ಫಿಟ್ಸ್ ಬಂದಿತ್ತೆಂಬ ಹೇಳಿಕೆ, ಮುಟ್ಟಿ ಎಬ್ಬಿಸಿದರೆ ಮಾತ್ರ ಮಿಸುಕುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟ, ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಸೇರುವುದು, ಮೈಬಿಸಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲಿರುವುದು ಮತ್ತು 35.5 ಡಿಗ್ರಿಗಿಂತ ಕೆಳಗಿರುವುದು. ಮೊದಲ ವಾರದ ಶಿಶುಗಳಲ್ಲಿ ಇವುಗಳ ಪೈಕಿ ಯಾವುದಾದರೊಂದು ಇದೆಯೇ ಎಂದು ನೋಡಿದಷ್ಟಕ್ಕೇ, ನಿಜವಾಗಿ ಗಂಭೀರ ಕಾಯಿಲೆಯಿದ್ದ ನೂರು ಕೂಸುಗಳಲ್ಲಿ 85 ಪತ್ತೆಯಾದವು, ಕಾಯಿಲೆಯಿಲ್ಲದ ನೂರರಲ್ಲಿ 25 ಮಾತ್ರ ಸುಮ್ಮನೆ ಅನುಮಾನಕ್ಕೆ ಗುರಿಯಾದವು. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ಇಷ್ಟು ಸಾಧಿಸುವ ಇನ್ನೊಂದು ಪರೀಕ್ಷೆ ನವಜಾತ ಶಿಶು ವೈದ್ಯಕೀಯದಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಮೊದಲ ವಿನಂತಿ: ಹಾಲು ಬಿಟ್ಟಿದೆ ಎಂದು ತಾಯಿ ಹೇಳಿದ್ದನ್ನು ದಯವಿಟ್ಟು ಹೊರರೋಗಿ ಚೀಟಿಯಲ್ಲಿ, ಎಷ್ಟು ಗಂಟೆಯಿಂದ ಎಂಬುದರ ಸಹಿತ, ತಾವೇ ಕಂಡ ಲಕ್ಷಣದ ಸಮಕ್ಕೆ ಬರೆಯಬೇಕು.

ಲಕ್ಷಣಗಳು ಏಳೇ ಆದರೂ ಅವನ್ನು ಸರಿಯಾಗಿ ನೋಡುವುದು ಅಷ್ಟು ಸಲೀಸಲ್ಲ. ನವಜಾತ ಶಿಶು ಒಂದೇ ಸಮನೆ ಉಸಿರಾಡುವುದಿಲ್ಲ, ನಾಲ್ಕಾರು ಸಲ ಬೇಗಬೇಗ ಉಸಿರೆಳೆದು ಐದಾರು ಸೆಕೆಂಡು ಸುಮ್ಮನಾಗಿ ಮತ್ತೆ ಶುರುಮಾಡುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇಲ್ಲಿ ತಪ್ಪುದಾರಿಗೆ ಎಳೆಯುತ್ತದೆ, ಆದಕಾರಣ ಅಂಗಿಯನ್ನು ಮೇಲಕ್ಕೆತ್ತಿ, ಕೂಸು ಅಳದೆ ಇರುವಾಗ, ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು, ಅರವತ್ತು ದಾಟಿದರೆ ಇನ್ನೊಮ್ಮೆ ಎಣಿಸಬೇಕು. ಮೈಬಿಸಿಯದು ಇನ್ನೊಂದು ಬಗೆಯ ತೊಡಕು. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ತಗಡಿನ ಮನೆಯೊಳಗೆ ಅದಕ್ಕಿಂತ ಸೆಕೆ. ಅಂಥದ್ದರಲ್ಲೂ ಬಾಣಂತಿಯ ಕೋಣೆಗೆ ಗಾಳಿ ಆಡದಂತೆ ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟು, ಕೂಸಿಗೆ ಕುಲಾಯಿ ಕಟ್ಟಿ ಕೌದಿ ಸುತ್ತಿರುತ್ತಾರೆ. ಮೂರನೆಯ ನಾಲ್ಕನೆಯ ದಿನ, ತಾಯಿಗೆ ಹಾಲಿನ್ನೂ ಸರಿಯಾಗಿ ಇಳಿಯದಿರುವಾಗ, ಇಂಥ ಕೂಸಿನ ಥರ್ಮಾಮೀಟರ್ 38 ತೋರಿಸಿದರೆ ಅದು ನೀರಿನಂಶ ಕಡಿಮೆಯಾದದ್ದರ ಇಲ್ಲವೇ ಸುತ್ತಿದ ಬಟ್ಟೆಯ ಬಿಸಿಯೂ ಇರಬಹುದು. ಬಟ್ಟೆ ಸಡಿಲಿಸಿ, ಹಾಲೂಡಿಸಿ, ಅರ್ಧ ಗಂಟೆಯ ಮೇಲೆ ಮತ್ತೆ ನೋಡಿದಾಗ ಇಳಿದಿದ್ದು, ಕೂಸು ಚುರುಕಾಗಿ ಹಾಲು ಹೀರುತ್ತಿದ್ದರೆ ಒಂದು ಮಾತು. ಇಳಿಯದಿದ್ದರೆ, ಇಲ್ಲವೇ ಇಳಿದರೂ ಹಾಲು ಬಿಟ್ಟಿದ್ದರೆ, ಅನುಮಾನ ಉಳಿಯಿತೆಂದೇ ಲೆಕ್ಕ. ಹಾಗೆಯೇ ಮಾರ್ಗಶಿರ-ಪುಷ್ಯದ ಚಳಿಯಲ್ಲಿ ಕೂಸಿನ ಪಾದ ತಣ್ಣಗಿದ್ದರೆ ಅದನ್ನು ಹವೆಯ ಮೇಲೆ ಹಾಕಿ ಕೈಬಿಡದೆ, ತಾಯಿಯ ಎದೆಗೆ ಅವಚಿ ಬೆಚ್ಚಗಿಟ್ಟು ಮತ್ತೆ ಅಳೆಯಬೇಕಾಗುತ್ತದೆ. ಮಗ್ಗದ ಮನೆಗಳ ನಸುಗತ್ತಲೆಯಲ್ಲಿ ಕಪ್ಪು ಮೈಬಣ್ಣದ ಕೂಸು ಬಿಳಿಚಿಕೊಂಡದ್ದಾಗಲಿ, ಕಾಮಾಲೆ ಆದದ್ದಾಗಲಿ ಕಣ್ಣಿಗೆ ಬೀಳುವುದಿಲ್ಲ. ಬಾಗಿಲ ಬೆಳಕಿಗೆ ತಂದು ಒಸಡು, ಅಂಗೈ, ಅಂಗಾಲು ನೋಡಿದರೆ ತಿಳಿಯುತ್ತದೆ. ಹೊಕ್ಕಳಿಗೆ ಎಣ್ಣೆಯನ್ನೋ ಕಾಡಿಗೆಯನ್ನೋ ಹಚ್ಚಿದ್ದರೆ ಬೈಯದೆ ಒರೆಸಿ, ಬುಡದಲ್ಲಿ ಕೀವು ಇದೆಯೇ, ಸುತ್ತಲಿನ ಚರ್ಮ ಕೆಂಪೇರಿದೆಯೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಬೈಗುಳ ತಿಂದ ಅಜ್ಜಿ ಮುಂದಿನ ಸಲ ಕೂಸನ್ನು ತರುವುದೇ ತಡವಾಗುತ್ತದೆ. ಬಾಲಗ್ರಹವೆಂದೋ ಗಾಳಿಯೆಂದೋ ಬಗೆದು ಹೊಟ್ಟೆಗೆ ಬರೆ ಹಾಕಿಸಿಕೊಂಡು ಬಂದ ಕೂಸಿನ ವಿಷಯದಲ್ಲೂ ಮೊದಲು ಚಿಕಿತ್ಸೆ, ಆಮೇಲೆ ಬುದ್ಧಿಮಾತು.

ಆಸ್ಪತ್ರೆಯ ಹೊಸ್ತಿಲಿನಾಚೆಯ ಕಣ್ಣುಗಳು ಆಶಾ ಕಾರ್ಯಕರ್ತೆಯರವು. 2011ರಿಂದ ದೇಶದಾದ್ಯಂತ ಜಾರಿಯಲ್ಲಿರುವ ಮನೆಯಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಅವರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗಿ ತೂಗಿ, ಮೈಬಿಸಿ ನೋಡಿ, ಉಸಿರು ಎಣಿಸಿ ನಮೂನೆ ತುಂಬುತ್ತಾರೆ. ಈ ಕಾರ್ಯಕ್ರಮದ ಮೂಲ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ, ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆಯು ಹಳ್ಳಿಯ ಹೆಣ್ಣುಮಕ್ಕಳಿಗೇ ನಂಜನ್ನು ಗುರುತಿಸಲು, ಜೆಂಟಾಮೈಸಿನ್ ಚುಚ್ಚುಮದ್ದು ಕೊಡಲು ಕಲಿಸಿ, ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಮರಣವನ್ನು ನೂರಕ್ಕೆ 62ರಷ್ಟು ತಗ್ಗಿಸಿದ್ದನ್ನು 1999ರಲ್ಲಿ ಪ್ರಕಟಿಸಿತು. ಅಕ್ಷರ ಕಡಿಮೆ ಕಲಿತವರು ನಂಜನ್ನು ಗುರುತಿಸಲಾರರು ಎಂಬ ವಾದ ಅಂದಿಗೇ ಬಿದ್ದುಹೋಯಿತು. ಆದರೆ ಇಲ್ಲಿನ ಬದುಕಿನ ರೀತಿಯಲ್ಲಿ ಒಂದು ಬಿರುಕಿದೆ: ಹುನಗುಂದ ತಾಲ್ಲೂಕಿನ ಗಂಡನ ಮನೆಯಲ್ಲಿ ತಾಯಿ ಕಾರ್ಡು ಮಾಡಿಸಿದ ಹುಡುಗಿ ಚೊಚ್ಚಲ ಹೆರಿಗೆಗೆ ಶಿರೂರಿನ ತವರಿಗೆ ಬರುತ್ತಾಳೆ, ಬಾಗಲಕೋಟೆಯಲ್ಲಿ ಹೆರುತ್ತಾಳೆ, ಒಂದೂರಿನ ಆಶಾ ಇನ್ನೊಂದೂರಿನವಳು ನೋಡುತ್ತಾಳೆಂದುಕೊಳ್ಳುತ್ತಾಳೆ. ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ಕುಟುಂಬಗಳ ಕೂಸುಗಳಂತೂ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹೆರಿಗೆಯ ಬಿಡುಗಡೆ ಚೀಟಿ ಬರೆಯುವಾಗ, ಬಾಣಂತಿ ಮುಂದಿನ ಆರು ವಾರ ಯಾವ ಊರಲ್ಲಿ, ಯಾರ ಮನೆಯಲ್ಲಿ ಇರುತ್ತಾಳೆಂದು ಕೇಳಿ ಆ ಊರಿನ ಆಶಾಗೆ ಅದೇ ದಿನ ಫೋನಿನಲ್ಲಿ ತಿಳಿಸುವಂತೆ ತಮ್ಮ ಶುಶ್ರೂಷಾಧಿಕಾರಿಗಳಿಗೆ ಹೇಳಿದರೆ ಈ ಬಿರುಕು ಅರ್ಧಕ್ಕರ್ಧ ಮುಚ್ಚುತ್ತದೆ.

ಇಷ್ಟೆಲ್ಲ ನೋಡಿದರೂ ಹೊರಲಕ್ಷಣಗಳು ಹೇಳುವುದು ಕೂಸಿಗೆ ಗಂಭೀರವಾಗಿದೆ ಎಂದಷ್ಟೇ. ಸೋಂಕೇ ಹೌದೇ, ಹೌದಾದರೆ ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಹೇಳುವ ಮುಖ್ಯ ಪರೀಕ್ಷೆ ಇಂದಿಗೂ ರಕ್ತದ ಕಲ್ಚರ್, ಅಂದರೆ ಕೂಸಿನ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಹಾಕಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಕಾದು ನೋಡುವ ವಿಧಾನ. ಸ್ವಯಂಚಾಲಿತ ಯಂತ್ರವಿದ್ದಲ್ಲಿ ಬೆಳೆಯುವಂಥದ್ದು ಬಹುತೇಕ ಎರಡು ದಿನದೊಳಗೆ ಸುಳಿವು ಕೊಡುತ್ತದೆ, ಇಲ್ಲದಲ್ಲಿ ಐದರಿಂದ ಏಳು ದಿನ ಹಿಡಿಯುತ್ತದೆ. ಈ ಪರೀಕ್ಷೆಯ ಮೇಲೆ ವೈದ್ಯವಲಯದಲ್ಲಿ ಒಂದು ಬಗೆಯ ಅಸಡ್ಡೆಯಿದೆ, ಎಷ್ಟು ಸಲ ಕಳಿಸಿದರೂ ‘ಏನೂ ಬೆಳೆದಿಲ್ಲ’ ಎಂದೇ ಬರುತ್ತದೆ ಎಂಬುದು ಅದರ ಕಾರಣ. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಏನೂ ಬೆಳೆಯದಿರಲು ಎರಡು ಕಾರಣಗಳು ತಮ್ಮ ಕೈಯಲ್ಲೇ ಇವೆ. ಒಂದು, ರಕ್ತದ ಅಳತೆ. ನವಜಾತ ಶಿಶುವಿನ ನಂಜಿನಲ್ಲಿ ಒಂದು ಮಿಲಿಲೀಟರಿಗೆ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾ ಇರುವುದುಂಟು, ಅರ್ಧ ಮಿಲಿಲೀಟರಿಗಿಂತ ಕಡಿಮೆ ರಕ್ತ ಹಾಕಿದರೆ ಬಾಟಲಿಗೆ ಒಂದೂ ಬೀಳದೆ ಹೋಗಬಹುದು. ಆದ್ದರಿಂದ ಕನಿಷ್ಠ ಒಂದು ಮಿಲಿಲೀಟರ್ ಬೇಕು. ಇಷ್ಟು ಸಣ್ಣ ಕೂಸಿನ ರಕ್ತ ತೆಗೆಯುತ್ತೀರಾ ಎಂದು ಮನೆಯವರು ಕಣ್ಣೀರಿಟ್ಟರೆ, ಮೂರು ಕಿಲೋ ತೂಗುವ ಕೂಸಿನ ಮೈಯಲ್ಲಿ ಸುಮಾರು 250 ಮಿಲಿಲೀಟರ್ ರಕ್ತವಿರುತ್ತದೆ, ಅದರಲ್ಲಿ ತೆಗೆಯುವುದು ಒಂದು, ಅದೂ ಔಷಧಿ ಆರಿಸಲಿಕ್ಕೆ ಎಂದು ಎರಡು ಮಾತಿನಲ್ಲಿ ತಿಳಿಸಿ ಹೇಳಬಹುದು. ಸೂಜಿ ಹೊಸ ಜಾಗದಲ್ಲಿ ಚುಚ್ಚಬೇಕು, ಹಾಕಿಟ್ಟ ಕ್ಯಾನುಲಾದಿಂದ ಎಳೆಯಬಾರದು. ಚರ್ಮಕ್ಕೆ ಹಚ್ಚಿದ ಸೋಂಕುನಿವಾರಕ ಒಣಗುವ ತನಕ ತಡೆಯಬೇಕು, ಒಣಗಿದ ಮೇಲೆ ನರ ಹುಡುಕಲು ಮತ್ತೆ ಬೆರಳಿಡಬಾರದು, ಏಕೆಂದರೆ ಬೆರಳಿನ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆದು ಕೂಸಿನದೆಂಬ ಭ್ರಮೆ ಹುಟ್ಟಿಸುತ್ತದೆ. ಬಾಟಲಿಯ ಮೇಲೆ ಹೆಸರಿನ ಜೊತೆಗೆ ಗಂಟೆಯನ್ನೂ ಬರೆಯಬೇಕು, ಕಳಿಸುವುದು ತಡವಾದರೂ ಫ್ರಿಜ್ಜಿನಲ್ಲಿಡಬಾರದು.

ಎರಡನೆಯ ಕಾರಣ ಹೆಚ್ಚು ನಾಜೂಕಿನದು. ಪ್ರತಿಜೈವಿಕ ಔಷಧದ ಒಂದೇ ಡೋಸು ಬಿದ್ದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಕುಸಿಯುತ್ತದೆ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಬರುವ ಕೂಸು ದಾರಿಯಲ್ಲಿ ಎಲ್ಲೋ ಒಂದು ಇಂಜೆಕ್ಷನ್ ಮಾಡಿಸಿಕೊಂಡೇ ಬಂದಿರುತ್ತದೆ. ಹಾಗೆಂದು ಆ ಇಂಜೆಕ್ಷನ್ ತಪ್ಪೆಂದು ಸಾರುವುದು ಅವಿವೇಕವಾದೀತು, ಏಕೆಂದರೆ ಗಂಭೀರ ಲಕ್ಷಣವಿರುವ ಕೂಸನ್ನು ಮುಂದಕ್ಕೆ ಕಳಿಸುವ ಮೊದಲು ಮೊದಲ ಡೋಸು ಕೊಟ್ಟೇ ಕಳಿಸಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ, ಮತ್ತು ದೊಡ್ಡಾಸ್ಪತ್ರೆಗೆ ಹೋಗಲಾಗದ ಕುಟುಂಬಗಳ ಕೂಸಿಗೆ ಊರಿನಲ್ಲೇ ಜೆಂಟಾಮೈಸಿನ್ ಚುಚ್ಚುಮದ್ದು ಹಾಗೂ ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿದೆ. ಜೀವ ಉಳಿಸುವ ಔಷಧವನ್ನು ಪರೀಕ್ಷೆಗಾಗಿ ತಡೆಹಿಡಿಯಬೇಕೆಂಬ ಅರ್ಥ ಈ ಪತ್ರದ ಯಾವ ಸಾಲಿಗೂ ಇಲ್ಲ. ಕೇಳುತ್ತಿರುವುದು ಇಷ್ಟೆ: ರಕ್ತ ತೆಗೆಯಬಲ್ಲ ಕೈಯೂ ಬಾಟಲಿಯೂ ಇರುವ ಕಡೆ, ಅಂದರೆ ಕನಿಷ್ಠ ತಾಲ್ಲೂಕು ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳಲ್ಲಿ, ಔಷಧಕ್ಕೆ ಮೊದಲು ರಕ್ತ ಬಾಟಲಿಗೆ ಸೇರಲಿ, ಅವು ಇಲ್ಲದ ಕಡೆ ಔಷಧ ತಕ್ಷಣ ಬೀಳಲಿ, ಆದರೆ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂಬುದು ಚೀಟಿಯಲ್ಲಿ ಓದಲು ಬರುವ ಅಕ್ಷರದಲ್ಲಿ ಇರಲಿ. ‘ಇಂಜೆಕ್ಷನ್ ಕೊಡಲಾಗಿದೆ’ ಎಂಬ ಒಂಟಿ ಸಾಲಿನಿಂದ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಕಲ್ಚರ್ ವರದಿ ಬರುವವರೆಗೆ ಕಣ್ಣುಮುಚ್ಚಿ ಕೂರಬೇಕಿಲ್ಲ. ಭಾರತದ ನವಜಾತ ಶಿಶು ತಜ್ಞರು ಬಹುಕಾಲದಿಂದ ಬಳಸುತ್ತ ಬಂದಿರುವ ಸೆಪ್ಸಿಸ್ ಸ್ಕ್ರೀನ್ ಎಂಬ ಐದು ಪರೀಕ್ಷೆಗಳ ಗುಚ್ಛಕ್ಕೆ ಮುಖ್ಯವಾಗಿ ಬೇಕಾದದ್ದು ಸೂಕ್ಷ್ಮದರ್ಶಕ, ಬಣ್ಣ ಮತ್ತು ತಾಳ್ಮೆ: ಒಟ್ಟು ಬಿಳಿ ರಕ್ತಕಣ 5,000ಕ್ಕಿಂತ ಕಡಿಮೆ ಇರುವುದು, ನ್ಯೂಟ್ರೋಫಿಲ್ ಎಂಬ ಸೋಂಕು ಎದುರಿಸುವ ಕಣಗಳು ತಗ್ಗಿರುವುದು, ಅವುಗಳಲ್ಲಿ ಬಲಿಯದ ಎಳೆಯ ಕಣಗಳ ಪಾಲು ಐದರಲ್ಲೊಂದನ್ನು ಮೀರಿರುವುದು, ಸೋಂಕಾದಾಗ ರಕ್ತದಲ್ಲಿ ಏರುವ ಸಿ-ರಿಯಾಕ್ಟಿವ್ ಪ್ರೋಟೀನ್ ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿರುವುದು, ಮೈಕ್ರೋ ಇ.ಎಸ್.ಆರ್. ಮೊದಲ ಗಂಟೆಯಲ್ಲಿ 15 ಮಿಲಿಮೀಟರ್ ದಾಟಿರುವುದು. ಐದರಲ್ಲಿ ಎರಡು ಕೆಟ್ಟಿದ್ದರೆ ಅನುಮಾನ ಬಲವಾಗುತ್ತದೆ. ಕೊನೆಯ ಪರೀಕ್ಷೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಅದು ಬರಬರುತ್ತ ಮೂಲೆಗೆ ಸರಿಯುತ್ತಿದೆ. ಕೂಸಿನ ಹಿಮ್ಮಡಿ ಚುಚ್ಚಿ ಬಂದ ರಕ್ತವನ್ನು ಕಡ್ಡಿಯಷ್ಟು ಸಣ್ಣ ಗಾಜಿನ ನಳಿಕೆಗೆ ಎಳೆದುಕೊಂಡು, ಒಂದು ತುದಿಯನ್ನು ಮುಚ್ಚಿ, ಸೆಟೆದು ನಿಲ್ಲುವಂತೆ ಗೋಡೆಗೋ ಸ್ಟ್ಯಾಂಡಿಗೋ ಆನಿಸಿ, ಒಂದು ಗಂಟೆಯ ಮೇಲೆ ಕೆಂಪುಕಣಗಳು ಎಷ್ಟು ಕೆಳಗಿಳಿದಿವೆ ಎಂದು ಅಳತೆಪಟ್ಟಿ ಹಿಡಿದು ನೋಡಿದರೆ ಮುಗಿಯಿತು. ಇದಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಇಡೀ ಗುಚ್ಛದ ನಿಜವಾದ ಬೆಲೆಯಿರುವುದು ಕಾಯಿಲೆ ಇದೆಯೆಂದು ಸಾಧಿಸುವುದರಲ್ಲಿ ಅಲ್ಲ, ಇಲ್ಲವೆಂದು ಧೈರ್ಯ ಕೊಡುವುದರಲ್ಲಿ. ಸಿ-ರಿಯಾಕ್ಟಿವ್ ಪ್ರೋಟೀನ್ ಸೋಂಕು ತಗುಲಿದ ಹತ್ತು ಹನ್ನೆರಡು ಗಂಟೆಯ ನಂತರವೇ ಏರುವುದರಿಂದ ಒಂದೇ ಸಲದ ಫಲಿತಾಂಶ ನಂಬಲು ಬಾರದು. ಒಂದು ದಿನದ ಅಂತರದಲ್ಲಿ ಎರಡು ಸಲ ಸಹಜವಾಗಿ ಬಂದು, ಕಲ್ಚರಿನಲ್ಲಿ ಎರಡು ದಿನ ಏನೂ ಬೆಳೆಯದೆ, ಕೂಸು ಹಾಲು ಕುಡಿಯುತ್ತ ಲವಲವಿಕೆಯಿಂದಿದ್ದರೆ ಔಷಧ ನಿಲ್ಲಿಸಬಹುದು. ನಿಲ್ಲಿಸಲು ಬೇಕಾದ ಧೈರ್ಯ ಆರಂಭಿಸಲು ಬೇಕಾದುದಕ್ಕಿಂತ ದೊಡ್ಡದು ಎಂಬುದನ್ನು ಒಪ್ಪಲೇಬೇಕು, ಏಕೆಂದರೆ ಆಮೇಲೆ ಏನಾದರೂ ಆದರೆ ಜನ ಕೇಳುವುದು ವೈದ್ಯರನ್ನೇ.

ಆದರೂ ಆ ಧೈರ್ಯ ಏಕೆ ಬೇಕೆಂಬುದನ್ನು ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು 2016ರಲ್ಲಿ ಪ್ರಕಟವಾದ ನವಜಾತ ಸೋಂಕಿನ ಅಧ್ಯಯನ ತೋರಿಸಿದೆ. ಅಲ್ಲಿ ಕಲ್ಚರಿನಲ್ಲಿ ಬೆಳೆದವುಗಳಲ್ಲಿ ಅಸಿನೆಟೋಬ್ಯಾಕ್ಟರ್ ನೂರಕ್ಕೆ 22, ಕ್ಲೆಬ್ಸಿಯೆಲ್ಲಾ 17, ಇ. ಕೋಲೈ 14, ಹಲವು ಬಗೆಯ ಔಷಧಗಳಿಗೆ ಒಟ್ಟಿಗೆ ಬಗ್ಗದಿರುವ ಗುಣ ಅಸಿನೆಟೋಬ್ಯಾಕ್ಟರ್‌ಗಳಲ್ಲಿ ನೂರಕ್ಕೆ 82, ಕ್ಲೆಬ್ಸಿಯೆಲ್ಲಾಗಳಲ್ಲಿ 54. ಇನ್ನೂ ಕಳವಳದ ಸಂಗತಿಯೆಂದರೆ ನಂಜಿನ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಹುಟ್ಟಿದ 72 ಗಂಟೆಯೊಳಗೇ ಕಂಡವು, ಮತ್ತು ಆ ಬ್ಯಾಕ್ಟೀರಿಯಾಗಳು ತಡವಾಗಿ ಬಂದ ನಂಜಿನವುಗಳನ್ನೇ ಹೋಲುತ್ತಿದ್ದವು. ಅಂದರೆ ಹೆರಿಗೆ ಕೋಣೆಯ ಮೇಜು, ಸಕ್ಷನ್ ಯಂತ್ರ, ನಲ್ಲಿ, ಕೈ ಇವುಗಳ ಮೇಲೆ ಅನುಮಾನ ಹೊರಳುತ್ತದೆ. ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಾಗುವ ರಾಜ್ಯದಲ್ಲಿ ಈ ಮಾತನ್ನು ದೆಹಲಿಗೇ ಬಿಟ್ಟುಕೊಡುವಂತಿಲ್ಲ. ಇನ್ನೊಂದೆಡೆ, ಒಡಿಶಾ ಮತ್ತು ವೆಲ್ಲೂರುಗಳನ್ನೂ ಒಳಗೊಂಡು ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳ ಹಳ್ಳಿ-ಪೇಟೆಗಳಲ್ಲಿ 63,000ಕ್ಕೂ ಹೆಚ್ಚು ಶಿಶುಗಳನ್ನು ಅನುಸರಿಸಿದ ‘ಅನೀಸಾ’ ಎಂಬ ಅಧ್ಯಯನದ 2018ರ ವರದಿಯಂತೆ, ಕಲ್ಚರ್ ಜೊತೆಗೆ ಆಧುನಿಕ ಅಣುಪರೀಕ್ಷೆಗಳನ್ನು ಮಾಡಿಯೂ ಸೋಂಕೆಂದು ಅನುಮಾನಿಸಿದ ನೂರರಲ್ಲಿ 28 ಪ್ರಕರಣಗಳಿಗಷ್ಟೇ ಕಾರಣ ಸಿಕ್ಕಿತು, ಸಿಕ್ಕವುಗಳಲ್ಲಿ ವೈರಾಣುಗಳ ಪಾಲೂ ದೊಡ್ಡದಿತ್ತು. ವೈರಾಣುವಿಗೆ ಪ್ರತಿಜೈವಿಕ ಔಷಧ ನಾಟುವುದಿಲ್ಲ. ಆಸ್ಪತ್ರೆಯ ಸೋಂಕು ಒಂದು ಬಗೆ, ಊರಿನ ಸೋಂಕು ಇನ್ನೊಂದು ಬಗೆ. ದೆಹಲಿಯ ಪಟ್ಟಿ ಹಿಡಿದು ಬಾದಾಮಿಯ ಕೂಸಿಗೆ ಔಷಧ ಆರಿಸಿದರೆ ಅದು ಊಹೆಯೇ ಸರಿ.

ಈ ಊಹೆಯಿಂದ ಪಾರಾಗಲು ಬೇಕಾದ ಸಲಕರಣೆ ಜಿಲ್ಲೆಯೊಳಗೇ ಇದೆ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ; ನವನಗರದಲ್ಲಿ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದ್ದು, ವೈದ್ಯಕೀಯ ಕಾಲೇಜೆಂದ ಮೇಲೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗ ಇದ್ದೇ ಇರುತ್ತದೆ. ಬಾದಾಮಿಯಿಂದಾಗಲಿ ಹುನಗುಂದದಿಂದಾಗಲಿ ಇಳಕಲ್ಲಿನಿಂದಾಗಲಿ ಅಲ್ಲಿಗೆ ಎರಡು ಗಂಟೆಯೊಳಗಿನ ದಾರಿ. ತಾಲ್ಲೂಕಿಗೊಂದು ಪ್ರಯೋಗಾಲಯ ಕಟ್ಟುವುದಕ್ಕಿಂತ, ತಾಲ್ಲೂಕುಗಳಲ್ಲಿ ಬಾಟಲಿ ಇಟ್ಟು, ತುಂಬಿದ ಬಾಟಲಿಯನ್ನು ದಿನಕ್ಕೊಮ್ಮೆ ಒಂದು ವಾಹನದಲ್ಲಿ ಜಿಲ್ಲಾ ಕೇಂದ್ರಕ್ಕೆ ತರಿಸುವುದು ಅಗ್ಗವೂ ಹೌದು, ನಂಬಿಕೆಗೆ ಯೋಗ್ಯವೂ ಹೌದು. ಕ್ಷಯರೋಗ ಕಾರ್ಯಕ್ರಮದಲ್ಲಿ ಕಫದ ಮಾದರಿಗಳು ಊರಿಂದೂರಿಗೆ ಸಾಗುತ್ತಿರುವಾಗ ಕೂಸಿನ ರಕ್ತ ಸಾಗಲಾರದೆಂಬುದಕ್ಕೆ ಕಾರಣ ಕಾಣದು. ಹೀಗೆ ಒಂದು ವರ್ಷ ಕೂಡಿಬಂದ ಫಲಿತಾಂಶಗಳಿಂದ ಆ್ಯಂಟಿಬಯೋಗ್ರಾಮ್, ಎಂದರೆ ಯಾವ ಬ್ಯಾಕ್ಟೀರಿಯಾ ಎಷ್ಟು ಸಲ ಬಂತು, ಯಾವ ಔಷಧಕ್ಕೆ ಎಷ್ಟು ಸಲ ಬಗ್ಗಿತು ಎಂಬ ಒಂದು ಪುಟದ ಪಟ್ಟಿಯನ್ನು, 28 ದಿನದೊಳಗಿನ ಶಿಶುಗಳಿಗಾಗಿ ಪ್ರತ್ಯೇಕವಾಗಿ ತಯಾರಿಸಿ ಜಿಲ್ಲೆಯ ಪ್ರತಿ ವೈದ್ಯರ ಮೇಜಿಗೆ, ಖಾಸಗಿಯವರ ಮೇಜಿಗೂ, ತಲುಪಿಸಬೇಕೆಂದು ಕಾಲೇಜಿನ ಮತ್ತು ಜಿಲ್ಲಾ ಆಸ್ಪತ್ರೆಯ ತಜ್ಞರಲ್ಲಿ ವಿಶೇಷವಾದ ಪ್ರಾರ್ಥನೆ.

ಕರ್ನಾಟಕಕ್ಕೆ ಇಂಥ ಕೆಲಸ ಹೊಸತಲ್ಲ. ಹೆರಿಗೆ ಬೇನೆಯಲ್ಲಿರುವ ತಾಯಿಗೆ ಒಂದೇ ಡೋಸು ಅಜಿತ್ರೋಮೈಸಿನ್ ಕೊಟ್ಟರೆ ತಾಯಿ-ಮಗು ಇಬ್ಬರಿಗೂ ನಂಜು ತಪ್ಪೀತೇ ಎಂದು ಏಳು ದೇಶಗಳ 29,278 ಹೆಣ್ಣುಮಕ್ಕಳಲ್ಲಿ ನಡೆದ ಪ್ರಯೋಗದ ಒಂದು ಕೇಂದ್ರ ನೆರೆಯ ಬೆಳಗಾವಿಯಾಗಿತ್ತು. 2023ರಲ್ಲಿ ಬಂದ ಫಲಿತಾಂಶದಂತೆ ತಾಯಂದಿರ ನಂಜು ಇಳಿಯಿತು, ಶಿಶುಗಳದು ಇಳಿಯಲಿಲ್ಲ. ತಾಯಿಗೆ ಕೊಟ್ಟ ಗುಳಿಗೆಯಿಂದಲೇ ಕೂಸಿನ ಸೋಂಕನ್ನು ತಪ್ಪಿಸಿ ಪತ್ತೆಹಚ್ಚುವ ಕಷ್ಟವನ್ನೇ ಇಲ್ಲವಾಗಿಸುವ ಒಳದಾರಿ ಹೀಗೆ ಮುಚ್ಚಿತು. ದಾವಣಗೆರೆಯಲ್ಲಿ 2018ರಿಂದ ಕೆಲವು ವರ್ಷ, ಕರಾಚಿಯ ಜೊತೆಗೂಡಿ, ಅವಧಿಗೆ ಮುಂಚೆ ಹುಟ್ಟಿ ತೀರಿಕೊಂಡ ಶಿಶುಗಳ ಅಂಗಗಳಿಂದ ತಂದೆತಾಯಿಗಳ ಒಪ್ಪಿಗೆ ಪಡೆದು ಸೂಜಿಯಿಂದ ಎಳೆಯಷ್ಟು ಅಂಗಾಂಶ ತೆಗೆದು, ಸಾವಿನ ಕಾರಣವನ್ನು ನಿಖರವಾಗಿ ಹುಡುಕುವ ಅಧ್ಯಯನ ನಡೆಯಿತು. ದುಃಖದ ಆ ಗಳಿಗೆಯಲ್ಲೂ ಕರ್ನಾಟಕದ ಕುಟುಂಬಗಳು ಅದಕ್ಕೆ ಒಪ್ಪಿದವು ಎಂಬುದನ್ನು, ‘ನಮ್ಮ ಜನ ಒಪ್ಪುವುದಿಲ್ಲ’ ಎಂದು ಹೇಳುವವರು ಗಮನಿಸಬೇಕು. ಮಲಾವಿ, ಜಿಂಬಾಬ್ವೆಗಳಂಥ, ಕರ್ನಾಟಕಕ್ಕಿಂತ ಬಡವಾದ ಕಡೆಗಳಲ್ಲಿ ಶುಶ್ರೂಷಕಿಯರು ‘ನಿಯೋಟ್ರೀ’ ಎಂಬ ಟ್ಯಾಬ್ಲೆಟ್ ತಂತ್ರಾಂಶದಲ್ಲಿ ಕೂಸಿನ ಲಕ್ಷಣಗಳನ್ನು ಒಂದೊಂದಾಗಿ ತುಂಬಿ ಸಲಹೆ ಪಡೆಯುತ್ತಾರೆ. ಅದೇ ಬೇಕೆಂದಲ್ಲ, ಒಂದು ಹಾಳೆಯ ನಮೂನೆಯೂ ಸಾಕು, ಆದರೆ ಶಿರೂರಿನಿಂದ ಇಳಕಲ್ಲಿನವರೆಗೆ ಎಲ್ಲರೂ ತುಂಬುವ ನಮೂನೆ ಒಂದೇ ಆಗಿರಬೇಕು.

ಖರ್ಚಿನ ಮಾತು ಬಂದೇ ಬರುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ನವಜಾತ ಶಿಶುವಿನ ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ. ಹೊರಗಿನ ಲ್ಯಾಬಿಗೆ ಚೀಟಿ ಬರೆದುಕೊಡುವ ಮುನ್ನ ಈ ಹಕ್ಕನ್ನು ಮನೆಯವರಿಗೆ ತಿಳಿಸಬೇಕು. ಒಳಗೆ ಬಾಟಲಿ ಇಲ್ಲವಾದರೆ ಇಲ್ಲವೆಂದು ಲಿಖಿತವಾಗಿ ಮೇಲಕ್ಕೆ ಬರೆಯಬೇಕು, ಬರೆಯದ ಕೊರತೆ ಯಾವ ಬೇಡಿಕೆಪಟ್ಟಿಗೂ ಸೇರುವುದಿಲ್ಲ. ನರ್ಸಿಂಗ್ ಹೋಮ್‌ಗಳ ವೈದ್ಯರಲ್ಲಿ ಇನ್ನೊಂದು ಅರಿಕೆ: ಬಾಟಲಿಯ ಖರ್ಚು ಉಳಿಸಲೆಂದು ಮೊದಲ ದಿನವೇ ದುಬಾರಿ ಔಷಧಕ್ಕೆ ಹಾರುವುದು ಮನೆಯವರಿಗೆ ಅಗ್ಗವಾಗುವುದಿಲ್ಲ.

ಕೊನೆಯದಾಗಿ ವರದಿಯ ವಿಷಯ. ಕಲ್ಚರ್ ವರದಿ ಬರುವ ಹೊತ್ತಿಗೆ ಕೂಸು ಮನೆಗೆ ಹೋಗಿರಬಹುದು, ಬೇರೆ ಆಸ್ಪತ್ರೆಗೆ ಸೇರಿರಬಹುದು, ತೀರಿಹೋಗಿಯೂ ಇರಬಹುದು. ಹಾಳೆ ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಬ್ಯಾಕ್ಟೀರಿಯಾ ಬೆಳೆದ ಸುಳಿವು ಸಿಕ್ಕ ಕ್ಷಣದಲ್ಲೇ, ಹೆಸರು ನಿಖರವಾಗುವುದನ್ನು ಕಾಯದೆ, ತಂತ್ರಜ್ಞರು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನು ಮಾಡಬೇಕು. ಆ ವೈದ್ಯರು ಕೂಸನ್ನು ಮೊದಲು ಕಳಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ಕೇಂದ್ರದವರು ಅಂದು ಉಸಿರು ಎಣಿಸಿದ ಆಶಾ ಕಾರ್ಯಕರ್ತೆಗೆ, ‘ನೀವು ಗುರುತಿಸಿದ್ದು ನಂಜೇ ಆಗಿತ್ತು’ ಎಂದೋ ‘ಅಲ್ಲ, ಕೂಸು ಆರಾಮಿದೆ’ ಎಂದೋ ಹೇಳಬೇಕು, ಮನೆಯವರಿಗೆ ಕನ್ನಡದಲ್ಲಿ ಬರೆದ ಚೀಟಿ ಸಿಗಬೇಕು. ಬರುವ ತಿಂಗಳ ತಾಲ್ಲೂಕು ಆರೋಗ್ಯ ಸಭೆಯಲ್ಲಿ ಈ ಸರಪಳಿಯ ಪ್ರತಿ ಕೊಂಡಿಗೆ ಒಬ್ಬರ ಹೆಸರು, ಒಂದು ಫೋನ್ ನಂಬರು ಗೊತ್ತುಮಾಡಿ ಗೋಡೆಗೆ ಅಂಟಿಸಬೇಕೆಂದು ತಮ್ಮೆಲ್ಲರಲ್ಲಿ ವಿನಯಪೂರ್ವಕ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಶಿರೂರಿನ ಒಬ್ಬ ಬರಹಗಾರ
ಶಿರೂರು, ಬಾಗಲಕೋಟೆ ತಾಲ್ಲೂಕು ಮತ್ತು ಜಿಲ್ಲೆ